ಸುಣ್ಣ ತಾಗಿದ ಬೊಟ್ಟು

(ಕೈರೋ ಪಟ್ಟಿಯ ಪತ್ತೆ: ಕಂತು ಏಳು)

“ತುಂಗಕ್ಕ, ನಿಮ್ಮತ್ರ ಸುಣ್ಣ ಇತ್ತಾ?” ಎಂದೆ.

ಕೋಣೆಯಲ್ಲಿದ್ದ ಇಬ್ಬರು ಗಂಡಸರೂ ನನ್ನನ್ನು, ಮನೆ ಹೊತ್ತಿ ಉರಿಯುವಾಗ ಬೀಡಿಗೆ ಬೆಂಕಿ ಕೇಳಿದವಳನ್ನು ನೋಡುವ ಹಾಗೆ ನೋಡಿದರು. ತುಂಗಕ್ಕ ಮಾತ್ರ ಕೇಳಿದ್ದೇ ಸರಿ ಎಂಬಂತೆ ಸೊಂಟದ ಎಲೆಯಡಿಕೆ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ಕೈಗಿತ್ತರು.

“ನೀನೂ ಎಲಿ ಹಾಕುಕೆ ಶುರು ಮಾಡ್ದ್ಯಾ ಹೆಣ್ಣೆ?”

“ನಂಗಲ್ಲ. ಈ ಕಾಗ್ದಕ್ಕೆ.”

ಗಂಟೆ ಎರಡೂ ಮುಕ್ಕಾಲು. ಆಸಾಡಿ ಅಮಾಸೆ. ಬಾಗಿಲ ಆಚೆ, ಕುಂದಾಪುರದ ಸಭಾಭವನದಲ್ಲಿ, ನಮ್ಮ ಭಾಷೆಯ, ಅಂದರೆ ಕುಂದಾಪ್ರ ಕನ್ನಡದ, ಹಬ್ಬದ ಎರಡನೇ ದಿನ ಭರ್ಜರಿಯಾಗಿ ನಡೆಯುತ್ತಿತ್ತು. ಒಗಟಿನ ಸ್ಪರ್ಧೆಯಲ್ಲಿ ಯಾರೋ ತಪ್ಪು ಉತ್ತರ ಹೇಳಿದ್ದಕ್ಕೆ ಐನೂರು ಜನ ಒಟ್ಟಿಗೆ ನಕ್ಕರು. ಬಾಗಿಲ ಈಚೆ, ಮೇಜಿನ ಮೇಲೆ, ಗಾಜಿನ ಚೌಕಟ್ಟಿನಿಂದ ಬಿಚ್ಚಿದ ಒಂದು ಹಾಳೆಯಿತ್ತು. ನೋಡಲು ನೂರು ವರ್ಷದ್ದು, ನಿಜಕ್ಕೂ ಮೊನ್ನೆ ಮೊನ್ನೆಯ ಕಲರ್ ಪ್ರಿಂಟು. ಅದು ನಕಲಿ ಎಂದು ಬೆಳಿಗ್ಗೆ ಗಾಜು ಬಿಚ್ಚಿದಾಗಲೇ ಗೊತ್ತಾಗಿತ್ತು. ಅಸಲಿ ಎಲ್ಲಿ, ಬದಲಾಯಿಸಿದವರು ಯಾರು ಎಂದು ಹೇಳಲು ನನಗೆ ನಾಲ್ಕು ಗಂಟೆಯವರೆಗೆ ಸಮಯವಿತ್ತು.

ಸಮಯ ಕೊಟ್ಟವರು ಶ್ರೀಕರ ಮಾಷ್ಟ್ರು. ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಈ ಹಬ್ಬದ ಹಳೆ ವಸ್ತುಗಳ ಪ್ರದರ್ಶನದ ಯಜಮಾನರು. ಒಳ್ಳೆಯವರೇ, ಆದರೆ ತಾಳ್ಮೆ ಕಡಿಮೆ.

“ರಂಜನಿ, ನಾಲ್ಕ್ ಗಂಟೆಗೆ ನಾನ್ ಮೈಕ್ ಹಿಡುದೇ. ‘ಈ ಹಾಳಿ ಸುಳ್ಳ್, ಜನ್ರಲ್ಲಿ ಕ್ಷಮೆ ಕೇಣ್ತೆ’ ಅಂದ್ ಹೇಳುದೇ. ನನ್ನ ಮರ್ಯಾದಿ ಪ್ರಶ್ನೆ ಇದ್.”

“ನಿಮ್ಮ ಮರ್ಯಾದಿ ಎರಡ್ ದಿನದ್ದ್ ಮಾಷ್ಟ್ರೇ. ತುಂಗಕ್ಕಂದ್ ನೂರ್ ವರ್ಷದ್ದ್.”

ನನಗೆ ಬಾಯಿ ಸ್ವಲ್ಪ ಜೋರು. ಸಬ್ ರಿಜಿಸ್ಟ್ರಾರ್ ಕಛೇರಿಯ ಎದುರು ಮೂವತ್ತು ವರ್ಷ ದಸ್ತಾವೇಜು ಬರೆದವಳಿಗೆ ಮೆಲುಮಾತು ಬರುವುದಾದರೂ ಹೇಗೆ? ಖೊಟ್ಟಿ ಸಹಿ, ಚಹಾದಲ್ಲಿ ಅದ್ದಿ ಹಳತು ಮಾಡಿದ ವೀಲುನಾಮೆ, ಸತ್ತವನ ಹೆಬ್ಬೆಟ್ಟು, ಎಲ್ಲ ಕಂಡಾಗಿದೆ. ನಮ್ಮ ಅಜ್ಜಯ್ಯನೂ ಇದೇ ಕೆಲಸ ಮಾಡಿದವರು. ಅವರ ಹಲಸಿನ ಮರದ ಮೇಜಿನಲ್ಲೇ ಇಷ್ಟು ವರ್ಷ ಕೂತೆ. ಅದರ ಕೆಳಗಿನ ಖಾನೆ ಯಾವುದೋ ಮಳೆಗಾಲಕ್ಕೆ ಉಬ್ಬಿ ಕಚ್ಚಿಕೊಂಡದ್ದು ಮತ್ತೆ ತೆರೆದಿಲ್ಲ. ನಮ್ಮ ಮನೆಯವರ ಕೈಗೆ ಬಂದ ಒಂದೇ ಒಂದು ಕಾಗದ ಕಳೆದುಹೋಗಿಲ್ಲ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ. ಬೆಳಿಗ್ಗೆ ಮಾಷ್ಟ್ರು ಫೋನು ಮಾಡಿ, “ತುಂಗಕ್ಕನೇ ನಿನ್ನ ಹೆಸ್ರ್ ಹೇಳ್ರ್. ಬೇರೆ ಯಾರೂ ಬ್ಯಾಡ, ರಂಜನಿಯೇ ಬರ್ಲಿ ಅಂದ್ರ್” ಎಂದಾಗ ಆ ಜಂಬ ಇನ್ನೊಂದು ಗೇಣು ಬೆಳೆದಿತ್ತು.

ಆ ಹಾಳೆಯ ಕಥೆ ಕೇಳಿ. ತುಂಗಕ್ಕನ ಅಜ್ಜಯ್ಯ ಪರಮೇಶ್ವರ ಉರಾಳರು ಸಾಲಿಗ್ರಾಮದ ಕಡೆಯ ಅಡುಗೆಯವರು. ಮೊದಲ ಮಹಾಯುದ್ಧದ ಕಾಲದಲ್ಲಿ ಕೈರೋದ ಇಂಗ್ಲಿಷರ ಕಛೇರಿಯೊಂದರಲ್ಲಿ ಮದ್ರಾಸು ಕಡೆಯ ಗುಮಾಸ್ತರಿದ್ದರು. ಅವರಿಗೆ ಬೇಯಿಸಿ ಹಾಕಲು ಉರಾಳರು ಹಡಗು ಹತ್ತಿದರು. ಒಲೆ ಹೊತ್ತಿಸಲು ಕಛೇರಿಯ ರದ್ದಿ ಕಾಗದ ಕೊಡುತ್ತಿದ್ದರಂತೆ. ಸಾವಿರದ ಒಂಬೈನೂರ ಹದಿನೇಳರ ದೀಪಾವಳಿಗೆ, ನಲವತ್ತು ಎಲೆ ಊಟಕ್ಕೆ ಸಾಮಾನು ಪಟ್ಟಿ ಬರೆಯಲು ಉರಾಳರಿಗೆ ಬೇರೆ ಕಾಗದ ಸಿಗಲಿಲ್ಲ. ಒಲೆಗೆ ಹೋಗಬೇಕಿದ್ದ ಹಾಳೆಯೊಂದರ ಖಾಲಿ ಮಗ್ಗುಲಲ್ಲೇ ಬರೆದರು. ಅರಸಿನ, ತೊಗರಿಬೇಳೆ, ಬೆಲ್ಲ. ಆರನೆಯ ಸಾಲು ನನಗೆ ತುಂಬ ಇಷ್ಟ: ‘ತೆಂಗಿನಕಾಯಿ, ಸಿಕ್ಕಿದರೆ’.

ಹಾಳೆಯ ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಕರಡಿತ್ತು. ಆ ನವೆಂಬರಿನಲ್ಲಿ ಬ್ರಿಟನ್ನಿನ ವಿದೇಶ ಮಂತ್ರಿ, ಪ್ಯಾಲೆಸ್ತೀನಿನಲ್ಲಿ ಯಹೂದ್ಯರಿಗೆ ಒಂದು ರಾಷ್ಟ್ರೀಯ ನೆಲೆ ಆಗಲು ಸಹಾಯ ಮಾಡುತ್ತೇವೆ ಎಂದು ಪತ್ರದಲ್ಲಿ ಬರೆದುಕೊಟ್ಟದ್ದು ಲೋಕಕ್ಕೇ ಗೊತ್ತು. ಆ ಸುದ್ದಿಯನ್ನು ಕೈರೋದಲ್ಲಿ ಯಾರಿಗೆ ಹೇಗೆ ಹೇಳಬೇಕು ಎಂಬ ಸೂಚನೆಯ ಕರಡು ಇದು. ಅಂಚಿನಲ್ಲಿ ಯಾವನೋ ಅಧಿಕಾರಿ ಪೆನ್ಸಿಲಿನಲ್ಲಿ ಗೀಚಿದ್ದ: ‘ಈ ಜಾಗ ನಾವು ಆಗಲೇ ಬೇರೆಯವರಿಗೆ ಹೇಳಿದ್ದಲ್ಲವೇ?’

ಓದಿದ ದಿನ ನಾನು ಬಿದ್ದು ಬಿದ್ದು ನಕ್ಕಿದ್ದೆ. ಏಕೆಂದರೆ ಈ ಕಕ್ಷಿಯನ್ನು ನಾನು ಬಲ್ಲೆ. ವರ್ಷಕ್ಕೆ ಇಬ್ಬರಾದರೂ ನನ್ನ ಮೇಜಿನ ಎದುರು ಬಂದು ಕೂರುತ್ತಾರೆ. ಒಂದೇ ಜಾಗಕ್ಕೆ ಮೂರು ಕರಾರು. ಅರಬರ ಮುಖಂಡನಿಗೆ ಕಾಗದದ ಮೇಲೆ ಕಾಗದ ಬರೆದು ಸ್ವಾತಂತ್ರ್ಯದ ಆಸೆ ತೋರಿಸಿದ್ದು ಒಂದು. ಫ್ರೆಂಚರ ಜೊತೆ ಗುಟ್ಟಾಗಿ ಕೂತು ನಕ್ಷೆಯ ಮೇಲೆ ಗೆರೆ ಎಳೆದದ್ದು ಎರಡು. ಯಹೂದ್ಯರಿಗೆ ಕೊಟ್ಟ ಮಾತು ಮೂರು. ಊರೂರಿನಿಂದ ಅಟ್ಟಿಸಿಕೊಂಡು ಬಂದವರಿಗೆ ತಮ್ಮದೆಂಬ ಒಂದು ಮನೆ ಬೇಕು ಅನ್ನಿಸಿದ್ದು ತಪ್ಪಲ್ಲ. ಆ ನೆಲದಲ್ಲಿ ಉತ್ತು ಬಿತ್ತು ಕೂತವರಿಗೆ, ನಮ್ಮನ್ನೊಂದು ಮಾತು ಕೇಳಬೇಕಿತ್ತು ಅನ್ನಿಸಿದ್ದೂ ತಪ್ಪಲ್ಲ. ತಪ್ಪು ಬರೆದುಕೊಟ್ಟವನದ್ದು. ಆಗಿನ್ನೂ ಜಾಗ ಅವನ ಕೈಗೇ ಬಂದಿರಲಿಲ್ಲ, ತುರ್ಕರದಾಗಿತ್ತು. ನನ್ನ ಬಳಿ ಬಂದಿದ್ದರೆ ಮೂಲಪತ್ರ ತೋರಿಸು ಎಂದು ಎಬ್ಬಿಸಿ ಕಳಿಸುತ್ತಿದ್ದೆ.

ಆದರೆ ಉರಾಳರ ಮನೆಯಲ್ಲಿ ಈ ರಾಜಕಾರಣ ಯಾರಿಗೂ ಬೇಕಿರಲಿಲ್ಲ. ಅವರಿಗೆ ಕನ್ನಡದ್ದೇ ಮುಂಭಾಗ, ಇಂಗ್ಲಿಷು ಹಿಂಭಾಗ. ಮನೆಯಲ್ಲಿ ಮದುವೆ, ಮುಂಜಿ ಬಂದಾಗಲೆಲ್ಲ ಪಟ್ಟಿ ಹೊರಗೆ ಬರುತ್ತದೆ. ಅಡುಗೆ ಹಿಡಿಯುವವನು ಅದರ ಮೂಲೆಗೆ ಅರಸಿನದ ಒಂದು ಬೊಟ್ಟಿಟ್ಟು, ಆಮೇಲೆ ಹೊಸ ಪಟ್ಟಿ ಬರೆಯುತ್ತಾನೆ. ಹಾಗಾಗಿ ಆ ಮೂಲೆ ತುಂಬ ಹಳದಿ ಬೊಟ್ಟುಗಳು. ತುಂಗಕ್ಕ ಮದುವೆಯಾಗಿ ಕೋಟಕ್ಕೆ ಹೋದಾಗ ಪಟ್ಟಿಯೂ ಜೊತೆಗೆ ಹೋಯಿತು.

ಇನ್ನೊಂದು ವಿಷಯವನ್ನು ತುಂಗಕ್ಕ ಬೆಳಿಗ್ಗೆ ಹೇಳಿದ್ದರು. ಉರಾಳರು ಊರಿಗೆ ಮರಳಿದಾಗ ಹಿರಿಯರ ಸಭೆ ಸೇರಿತಂತೆ. ಸಮುದ್ರ ದಾಟಿದ್ದಕ್ಕೆ ಪ್ರಾಯಶ್ಚಿತ್ತ ಆಯಿತು, ಅದೇನೂ ದೊಡ್ಡದಲ್ಲ. ಆದರೆ, “ಇವನು ಕೈರೋವನ್ನೂ ಕಂಡಿಲ್ಲ, ಎಂಥದ್ದನ್ನೂ ಕಂಡಿಲ್ಲ. ಬೊಂಬಾಯಿಯಲ್ಲಿ ಕೂತು ಬಂದು ಬೊಗಳೆ ಬಿಡುತ್ತಾನೆ” ಎಂದು ಇಂಗ್ಲಿಷು ಬಲ್ಲ ಒಬ್ಬ ದೊಡ್ಡ ಮನುಷ್ಯ ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟ. ಅಂದಿನಿಂದ ಉರಾಳರಿಗೆ ‘ಸುಳ್ಳು ಉರಾಳ’ ಎಂದೇ ಹೆಸರು. ಅವರು ಸಾಯುವವರೆಗೂ ಆ ಹೆಸರು ಸಾಯಲಿಲ್ಲ. ಈ ಹಾಳೆಯೊಂದೇ ಅವರ ಪಾಲಿನ ಸಾಕ್ಷಿ. ನಾಲ್ಕು ಗಂಟೆಗೆ ಮಾಷ್ಟ್ರು ಮೈಕಿನಲ್ಲಿ ಅದು ನಕಲಿ ಎಂದರೆ ಉರಾಳರು ಐನೂರು ಜನರ ಎದುರು ಎರಡನೇ ಸಲ ಸುಳ್ಳರಾಗುತ್ತಾರೆ. ಅದು ನನಗೆ ಸಹಿಸಲಾಗುತ್ತಿರಲಿಲ್ಲ.

ಹಾಗಾಗಿ ಸುಣ್ಣ.

ಅರಸಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂದು ಆರತಿಗೆ ಓಕುಳಿ ಕಲಸಿದವರಿಗೆಲ್ಲ ಗೊತ್ತು. ಪ್ರಿಂಟಿನ ಹಳದಿ ಕೆಂಪಾಗುವುದಿಲ್ಲ. ನಕಲಿಯ ಮೂಲೆಯ ಮೊದಲ ಬೊಟ್ಟಿಗೆ ಬೆರಳ ತುದಿಯಿಂದ ಸುಣ್ಣ ಮುಟ್ಟಿಸಿದೆ. ಹಳದಿ ಹಳದಿಯಾಗಿಯೇ ಉಳಿಯಿತು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ.

“ಪ್ರಿಂಟ್ ಅಂದ್ ಗೊತ್ತಿದ್ದದ್ದಕ್ಕೆ ಇಷ್ಟೆಲ್ಲ ಎಂತಕೆ?” ಎಂದರು ಮಾಷ್ಟ್ರು.

ಕೊನೆಯ ಬೊಟ್ಟಿಗೆ ಸುಣ್ಣ ತಾಗಿತು. ನೋಡು ನೋಡುತ್ತಿದ್ದಂತೆ ಅದು ಕೆಂಪೇರಿತು.

ತುಂಗಕ್ಕನ ಜಗಿಯುವ ಬಾಯಿ ನಿಂತಿತು. ನಾನದನ್ನು ನೋಡಿದೆ. ನೋಡಿಯೂ ಅದಕ್ಕೊಂದು ಅರ್ಥ ಕಟ್ಟಲಿಲ್ಲ. ಅದೇ ನಾನು ಮಾಡಿದ ಮೊದಲ ತಪ್ಪು.

“ಅರೆ ವಾ!” ಎಂದ ಪ್ರಖ್ಯಾತ್, ಕಿಟಕಿಯ ಬಳಿಯಿಂದ. “ಅಕ್ಕ, ನೀವು ಬೊಂಬಾಯಿಗೆ ಬನ್ನಿ. ಕಮಾಲ್ ಮಾಡ್ತೀರಿ.”

ಪ್ರಖ್ಯಾತ್ ಶಿರೂರಿನವನು, ಬೆಳೆದದ್ದು ಮುಂಬಯಿಯಲ್ಲಿ. ಹಳೆ ಕಾಗದ, ಹಳೆ ಪೀಠೋಪಕರಣ ಕೊಳ್ಳುವವನು. ಕೋಟದ ಮನೆಗೆ ಹೋಗಿ ಪಟ್ಟಿ ಕೊಡಿ ಎಂದು ಕೇಳಿ ತುಂಗಕ್ಕನಿಂದ ಅಜ್ಜಯ್ಯನ ಕಥೆ ಪೂರ್ತಿ ಕೇಳಿ, ಮಜ್ಜಿಗೆ ಮಾತ್ರ ಕುಡಿದು ಬಂದಿದ್ದ. ಮಾಷ್ಟ್ರ ಸಂಶಯವೆಲ್ಲ ಅವನ ಮೇಲೆಯೇ. ನನಗೆ ಅವನ ಮೇಲೆ ಸಿಟ್ಟಿರಲಿಲ್ಲ. ಮಾತು ಜೇನು, ನಗು ಮುಖ. ಅಜ್ಜಯ್ಯನ ಮೇಜನ್ನು ಕೊಡಿ ಎಂದು ಈ ವಾರ ಮೂರು ಸಲ ನನ್ನ ಅಂಗಡಿಗೆ ಬಂದಿದ್ದ. ಬದಲಿಗೆ ಖಾನೆಗಳು ಸಲೀಸಾಗಿ ತೆರೆಯುವ ಹೊಸ ಸ್ಟೀಲ್ ಮೇಜು ಕೊಡುತ್ತೇನೆ ಎಂದ. ಇವತ್ತು ಬೆಳಿಗ್ಗೆ ಒಪ್ಪಿ ಬೀಗದ ಕೈಯನ್ನೂ ಕೊಟ್ಟಿದ್ದೆ. ಮೂರೂವರೆಗೆ ಅವನ ಆಳುಗಳು ಬಂದು ಎತ್ತಿಕೊಂಡು ಹೋಗುವುದೆಂದು ಮಾತು.

“ಪ್ರಖ್ಯಾತ್ ಅಲ್ಲ ಮಾಷ್ಟ್ರೇ,” ಎಂದೆ. “ಈ ಪ್ರಿಂಟ್ ತೆಗ್ದವ್ರ್ ಅಡ್ಗಿಯವ್ರ್.”

“ಹೇಂಗೆ ಹೇಳ್ತೆ ನೀನ್?” ಎಂದರು ಮಾಷ್ಟ್ರು.

“ಮೋಸ ಮಾಡುಕೆ ಪ್ರಿಂಟ್ ತೆಗ್ದವ, ಬೊಟ್ಟೆಲ್ಲ ಪ್ರಿಂಟಿನಗೇ ಬಂದ್ ಮೇಲೆ ಮತ್ತೊಂದ್ ಎಂತಕೆ ಇಡ್ತ? ಇದ್ ಕೈ ಅಭ್ಯಾಸ. ಹೊಸ ಪಟ್ಟಿ ಕೈಗೆ ಬಂದ್ರೆ ಅರ್ಸಿನ ಮುಟ್ಸದೆ ಅವ್ರಿಗೆ ಆತಿಲ್ಲೆ.”

ಇನ್ನೊಂದು ಸಾಕ್ಷಿಯೂ ಇತ್ತು. ನಿನ್ನೆ ಪತ್ರಿಕೆಯವರು ಹಾಳೆಯ ಫೋಟೋ ತೆಗೆದದ್ದು ಹನ್ನೆರಡಕ್ಕೆ. ಮಾಷ್ಟ್ರು ತಮ್ಮ ಫೋನಿನಲ್ಲಿ ತೆಗೆದದ್ದು ಎರಡು ಗಂಟೆಗೆ. ಮೊದಲನೆಯದರಲ್ಲಿ ಹಾಳೆ ನೇರ ಕೂತಿದೆ, ಎರಡನೆಯದರಲ್ಲಿ ಬಲಕ್ಕೆ ವಾಲಿದೆ. ನಡುವೆ ನಡೆದದ್ದು ಒಂದೇ, ಊಟ. ಮಾಷ್ಟ್ರು, ಪ್ರಖ್ಯಾತ್, ತುಂಗಕ್ಕ, ಪತ್ರಿಕೆಯವರು, ಊರಿಗೆ ಊರೇ ಒಂದೇ ಪಂಕ್ತಿಯಲ್ಲಿ ಕೂತಿತ್ತು. ಎಲೆಗೆ ಕೂತ ಮೇಲೆ ಪಂಕ್ತಿ ಏಳುವ ಮೊದಲು ನಮ್ಮಲ್ಲಿ ಯಾರೂ ಏಳುವುದಿಲ್ಲ. ಎದ್ದಿದ್ದರೆ ಆ ಸುದ್ದಿ ಇವತ್ತಿಗೆ ಬ್ರಹ್ಮಾವರ ದಾಟಿರುತ್ತಿತ್ತು.

ಬಡಿಸುವವರು ಎಲ್ಲರ ಕಣ್ಣೆದುರೇ ಇದ್ದರು. ಪಂಕ್ತಿಯ ಬಳಿ ಇಲ್ಲದವನು ಒಬ್ಬನೇ. ಊಟ ಬೇಯಿಸಿದವನು.

ಸಭಾಭವನದ ಹಿಂದೆ, ತಗಡಿನ ಮಾಡಿನ ಕೆಳಗೆ, ಗೋಧಿ ಕಡಿ ಪಾಯಸದ ಕೊಪ್ಪರಿಗೆ ಕುದಿಯುತ್ತಿತ್ತು. ಹಿರಿಯಣ್ಣ ಉರಾಳರು ಅದರ ಎದುರು ಸಟ್ಟುಗ ಹಿಡಿದು ನಿಂತಿದ್ದರು. ತುಂಗಕ್ಕನ ಚಿಕ್ಕಪ್ಪನ ಮಗ, ಆ ಉರಾಳರ ಮೊಮ್ಮಗನೇ. ಉಪ್ಪುಂದದಿಂದ ಬ್ರಹ್ಮಾವರದವರೆಗೆ ಅವರ ಪಾಯಸ ಉಣ್ಣದ ಮದುವೆಯಿಲ್ಲ.

“ಹ್ವಾಯ್ ರಂಜನಿ! ಬಾ ಬಾ, ಸಿಹಿ ಸಾಕಾ ಕಾಣ್.” ಅಂಗೈಗೆ ಬಿಸಿ ಪಾಯಸ ಹಾಕಿಯೇ ಬಿಟ್ಟರು.

ಸಿಹಿ ಸರಿಯಾಗಿಯೇ ಇತ್ತು. ಪತ್ತೆದಾರಿಕೆಯಲ್ಲಿ ಇಂಥ ತೊಡಕುಗಳೂ ಬರುತ್ತವೆ. ಉಂಡ ಮನೆಗೆ ಕೇಡು ಬಗೆಯಬಾರದು ಎನ್ನುತ್ತಾರೆ. ನಾನು ಕೈ ನೆಕ್ಕಿಕೊಂಡೇ ಬಗೆದೆ.

“ಹಿರಿಯಣ್ಣ, ನಿನ್ನೆ ಜನ ಉಂಬತಿಗೆ ನೀವ್ ಎಲ್ಲಿದ್ರಿ?”

“ಜನ ಉಂಬತಿಗೆ ಅಡ್ಗಿಯವ ಎಲ್ಲಿರ್ತ? ಒಲಿ ಬುಡ್ದಗೆ.”

“ಒಲಿ ಹನ್ನೆರ್ಡೂವರಿಗೇ ನಂದ್ಸಿದ್ರಿ ಅಂದ್ರ್ ಬಡ್ಸುವರ್.”

“ಹಾಂಗಾರೆ ನಂದ್ಸಿದ ಒಲಿ ಬುಡ್ದಗೆ.”

ನಾನು ಬೆನ್ನ ಹಿಂದಿದ್ದ ಹಾಳೆಯನ್ನು ಮುಂದೆ ಹಿಡಿದೆ. ಹಳದಿ ಬೊಟ್ಟುಗಳ ಕೊನೆಯಲ್ಲಿ ಒಂದೇ ಒಂದು ಕೆಂಪು ಬೊಟ್ಟು.

“ಅಯ್ಯೋ, ಕೆಂಪ್ ಆಯ್ತಲೆ!” ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಹಿರಿಯಣ್ಣ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ನಲವತ್ತು ವರ್ಷದ ಅರಸಿನ ಅದರ ಉಗುರ ಸಂದಿಯಲ್ಲಿತ್ತು.

ಸಟ್ಟುಗ ನಿಂತಿತು. “ಅಡಿ ಹಿಡಿತ್ತ್, ಮಗುಚ್ತಾ ಇರಿ” ಎಂದೆ. ಪಾಪ, ಮಗುಚುತ್ತಲೇ ತಪ್ಪೊಪ್ಪಿಕೊಂಡರು.

“ನಂಗೆ ಸುಳ್ಳ್ ಹೇಳುಕೆ ಬತ್ತಿಲ್ಲೆ ರಂಜನಿ. ನಾನೇ ತೆಗ್ದದ್. ವೈಶಾಖದಗೆ ತುಂಗಕ್ಕನ ಮೊಮ್ಮಗಳ ಮದಿ ಬಂತಲ್ದಾ, ಆಗ ಪಟ್ಟಿ ನನ್ನ ಕೈಯಗೆ ಒಂದ್ ದಿನ ಇತ್ತ್. ಅಂಚೆಲ್ಲ ಹುಡಿ ಆತಿತ್ತ್. ಹಾಂಗಾಯಿ ಬ್ರಹ್ಮಾವರದಗೆ ಎರಡೂ ಬದಿ ಪ್ರಿಂಟ್ ತೆಗ್ದ್ ಇಟ್ಕಂಡೆ, ನನ್ನ ಕೆಲ್ಸಕ್ಕೆ. ಕೈ ಸುಮ್ನಿರ್ಲಿಲ್ಲೆ, ಬೊಟ್ಟಿಟ್ಟೆ. ಕದುಕೆ ಅಂದ್ ತೆಗ್ದದ್ದಲ್ಲ.”

“ಮತ್ತೆ ಕದ್ದದ್ ಎಂತಕೆ?”

ಹಿರಿಯಣ್ಣನಿಗೆ ಈಗ ಸಿಟ್ಟೇ ಬಂತು.

“ಅಲ್ಲ, ನಿಮ್ಮ ಮಾಷ್ಟ್ರು ನಿನ್ನೆ ಮೈಕಿನಗೆ ಎಂತ ಹೇಳ್ರ್ ಕೇಂಡ್ಯಾ? ಹಬ್ಬ ಮುಗ್ದ್ ಮೇಲೆ ಅದ್ಕೆ ಪ್ಲಾಸ್ಟಿಕ್ ಹೊಡ್ಸಿ ಗೋಡಿಗೆ ಹಾಕ್ತ್ರಂಬ್ರ್! ಲ್ಯಾಮಿನೇಶನ್! ಇಂಗ್ಲಿಷ್ ಜನ್ರ ಬದಿಗೆ, ಅಜ್ಜಯ್ಯನ ಅಕ್ಷರ ಗೋಡಿ ಬದಿಗೆ. ಮತ್ತೆ ಪ್ಲಾಸ್ಟಿಕ್ ಹೊಡ್ಸಿರೆ ನಾಳೆ ಮದಿ ಬಂದ್ರೆ ಅರ್ಸಿನ ಇಡುದ್ ಎಲ್ಲಿ ಮಾರಾಯ್ತಿ?”

ನನಗೆ ನಗು ತಡೆಯಲಿಲ್ಲ. ಚಕ್ರವರ್ತಿಗಳ ಮಂತ್ರಿಗಳು ಯುದ್ಧ ಗೆಲ್ಲಲೆಂದು ಕಾಗದದ ಮೇಲೆ ನೆಲ ಹಂಚುತ್ತಿದ್ದಾಗ, ಅದೇ ಕಾಗದದ ಬೆನ್ನ ಮೇಲೆ ನಲವತ್ತು ಜನರ ಹಬ್ಬದೂಟ ಲೆಕ್ಕ ಹಾಕಿದವರ ಮೊಮ್ಮಗ ಇವರು. ಇವರ ಚಿಂತೆ ಮುಂದಿನ ಊಟದ್ದು. ಇವರನ್ನು ಕಳ್ಳ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ.

“ಅಸಲಿ ಎಲ್ಲಿತ್ತ್?”

“ಇಲ್ಲೇ.” ಏಲಕ್ಕಿ, ಜಾಯಿಕಾಯಿ ಇಡುವ ಮರದ ಪೆಟ್ಟಿಗೆಯ ತಳದಿಂದ, ಬಿಳಿ ಪಂಚೆಯಲ್ಲಿ ಸುತ್ತಿದ ಹಾಳೆ ಹೊರಬಂತು. “ಅಜ್ಜಯ್ಯನ ಪಟ್ಟಿ ಅಡ್ಗಿಯವನ ಪೆಟ್ಗಿಯಗೇ ಇಪ್ಪುದ್ ಚಂದ.”

ಕುಣಿಯಲು ಪಾಯಸದ ಬಿಸಿ ಅಡ್ಡ ಬಂತು. ಇಲ್ಲವಾದರೆ ಕುಣಿದೇಬಿಡುತ್ತಿದ್ದೆ. ಕೊಪ್ಪರಿಗೆ ಇಳಿಸಿ, ಅಷ್ಟೂ ಪಾಯಸ ಬೋಗುಣಿಗಳಿಗೆ ತೋಡಿಸಿದ ಮೇಲೆಯೇ ಹಿರಿಯಣ್ಣ ಅಲ್ಲಿಂದ ಕದಲಿದ್ದು. ಅವರ ಕೈ ಹಿಡಿದು ಕೋಣೆಗೆ ಎಳೆದುಕೊಂಡು ಬಂದಾಗ ಗಂಟೆ ಮೂರೂ ಐವತ್ತು. ಪ್ರಖ್ಯಾತ್ ಸಭೆಯ ಕಡೆ ಹೋಗಿದ್ದ. ಮಾಷ್ಟ್ರು ಹಾಳೆ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

“ಸಿಕ್ತಾ! ದೇವರ ದಯೆ! ತುಂಗಕ್ಕ, ಸಿಕ್ತ್ ಕಾಣಿ!”

ತುಂಗಕ್ಕ ಹಾಳೆಯ ಕಡೆ ಕಣ್ಣು ಹಾಯಿಸಲೂ ಇಲ್ಲ. ಹಿರಿಯಣ್ಣನನ್ನು ನೋಡಿ, “ಅಂದ್ರೆ ಕೆಂಪ್ ಬೊಟ್ಟ್ ನಿಂದಾ? ಹಾಂಗೆ ಹೇಳ್. ನಾನ್ ಯಾರಪ್ಪ ಅಂದ್ಕಂಡೆ” ಎಂದು ಮತ್ತೆ ಜಗಿಯತೊಡಗಿದರು.

ನನ್ನ ಕೈ ತಾನಾಗಿ ಸುಣ್ಣದ ಡಬ್ಬಿಗೆ ಹೋಯಿತು. ಯಾಕೆಂದು ಕೇಳಬೇಡಿ. ಮೂವತ್ತು ವರ್ಷದ ಅಭ್ಯಾಸ, ಎಷ್ಟೇ ಗುರುತಿನವರು ಕೊಟ್ಟರೂ ಕಾಗದವನ್ನು ಇನ್ನೊಮ್ಮೆ ಬೆಳಕಿಗೆ ಹಿಡಿಯುವವಳು ನಾನು.

ಮೊದಲ ಬೊಟ್ಟಿಗೆ ಸುಣ್ಣ. ಹಳದಿ.

ಎರಡನೆಯದಕ್ಕೆ, ಐದನೆಯದಕ್ಕೆ, ಕೊನೆಯದಕ್ಕೆ. ಹಳದಿ, ಹಳದಿ, ಹಳದಿ.

“ಇದೂ ಪ್ರಿಂಟ್!” ಮಾಷ್ಟ್ರು ಮತ್ತೆ ಕುರ್ಚಿಗೆ ಬಿದ್ದರು.

“ಒಲಿ ಆಣೆ, ಸುಳ್ಳ್ ಹೇಳುವವ ಅಲ್ಲ ನಾನ್!” ಹಿರಿಯಣ್ಣ ಕೂಗಿದರು. “ಚೌಕಟ್ಟಿನಿಂದ ನಾನ್ ತೆಗ್ದದ್ ಇದೇ!”

ಅವರು ಹೇಳಿದ್ದು ನಿಜ. ಅವರು ಕದ್ದದ್ದೇ ನಕಲಿಯನ್ನು. ಅಂದರೆ ಪ್ರದರ್ಶನಕ್ಕೆ ಬರುವ ಮೊದಲೇ ಚೌಕಟ್ಟಿನೊಳಗೆ ಇದ್ದದ್ದು ನಕಲಿ. ಚೌಕಟ್ಟು ಹಾಕಿಸಿ ತಂದವರು ಒಬ್ಬರೇ. ಕೆಂಪು ಬೊಟ್ಟು ಕಂಡಾಗ ಜಗಿಯುವುದು ನಿಲ್ಲಿಸಿದವರೂ ಅವರೇ, ಏಕೆಂದರೆ ತಾವು ತಂದ ಹಾಳೆಯಲ್ಲಿ ಅರಸಿನ ಇರಲಿಲ್ಲ ಎಂದು ಅವರಿಗೆ ಗೊತ್ತಿತ್ತು.

ನಾನು ತಿರುಗಿ ನೋಡಿದೆ. ಎಪ್ಪತ್ತಾರರ ತುಂಗಕ್ಕ ಸೆರಗು ಸರಿಮಾಡಿಕೊಂಡು ನಗುತ್ತಿದ್ದರು.

“ಸುಳ್ಳ್ ಕಾಗ್ದಕ್ಕೆ ಅರ್ಸಿನ ಇಡುವವಳಲ್ಲ ನಾನ್,” ಎಂದರು.

ಅಷ್ಟರಲ್ಲಿ, ಪಟ್ಟಿಯ ಕಥೆ ಹೇಳಲು ಬನ್ನಿ ಎಂದು ಮೈಕಿನಲ್ಲಿ ಅವರ ಹೆಸರು ಕೂಗಿದರು. ನಾಲ್ಕು ಗಂಟೆ.

ಮಾಷ್ಟ್ರು ತಡೆಯುವ ಮೊದಲೇ ತುಂಗಕ್ಕ ವೇದಿಕೆ ಹತ್ತಿಯಾಗಿತ್ತು. ಹಿಂದೆಯೇ ನಾವು ಮೂವರೂ ಓಡಿದೆವು.

“ಎಲ್ರಿಗೂ ನಮಸ್ಕಾರ ಕಾಣಿ,” ಎಂದರು ಮೈಕು ಹಿಡಿದು. “ನಾನ್ ಇಲ್ಲಿ ತೋರ್ಸುಕೆ ಕೊಟ್ಟದ್ ಕಾಪಿ. ಮಾಷ್ಟ್ರಿಗೆ ಗೊತ್ತಿರ್ಲಿಲ್ಲೆ, ಅವ್ರ ತಪ್ಪಲ್ಲ. ಮನಿ ಕಾಗ್ದ ಇನ್ನೊಬ್ರ ಕೈಗೆ ಕೊಡುಕಾಗ ಅಂದ್ ನಮ್ಮ ಅಜ್ಜಯ್ಯ ಹೇಳಿ ಹೋಯಿದ್ರ್. ಅಸಲಿ ಎಲ್ಲಿತ್ತ್ ಅಂದ್ರ್ಯಾ? ನನ್ನ ಸೊಂಟದಗೇ ಇತ್ತ್.”

ಎಲೆಯಡಿಕೆ ಸಂಚಿಯಿಂದ, ರೇಷ್ಮೆ ಬಟ್ಟೆಯ ಮಡಿಕೆಯಿಂದ, ಹಾಳೆ ಹೊರಬಂತು. ನಾನು ಸುಣ್ಣ ಪಡೆದದ್ದು ಅದೇ ಸಂಚಿಯಿಂದ! ಪತ್ತೆದಾರಳ ಬೆರಳಿಗೂ ಪತ್ತೆಯಾಗಬೇಕಾದ ವಸ್ತುವಿಗೂ ಎರಡು ಅಂಗುಲ ದೂರವಿತ್ತು. ಇನ್ನು ಮೇಲೆ ನನ್ನನ್ನು ಯಾರಾದರೂ ಜಾಣೆ ಎಂದರೆ ಈ ಕಥೆ ಹೇಳಿಬಿಡಿ.

“ರಂಜನಿ, ಬಾ. ಸುಣ್ಣ ಮುಟ್ಸ್.”

ಒಂದು ಹಳೆ ಬೊಟ್ಟಿನ ಅಂಚಿಗೆ ಮುಟ್ಟಿಸಿದೆ. ಕೆಂಪು. ಅದನ್ನು ಎತ್ತಿ ಹಿಡಿದೆ. ಐನೂರು ಜನರ ಚಪ್ಪಾಳೆಗೆ ತಗಡಿನ ಮಾಡಿನ ಮಳೆಯ ಸದ್ದೂ ಅಡಗಿತು. ಹಿರಿಯಣ್ಣ ಅಳುತ್ತಾ ನಗುತ್ತಾ ಓಡಿ ಬಂದು ಮೂಲೆಗೆ ಹೊಸ ಬೊಟ್ಟಿಟ್ಟರು. ಮಾಷ್ಟ್ರು ಮೈಕು ಕಸಿದುಕೊಂಡು, “ಪರಮೇಶ್ವರ ಉರಾಳ್ರ್ ಕೈರೋಗೆ ಹೋದ್ ಸತ್ಯ! ಸತ್ಯ!” ಎಂದು ಕೂಗಿದರು. ಯಾರೋ ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು ಆ ಹಾಳೆಗೆ ಕೈ ಮುಗಿದರು. ನನಗೆ ಅಷ್ಟು ಸಂತೋಷ ಈಚೆಗೆ ಯಾವತ್ತೂ ಆಗಿರಲಿಲ್ಲ.

ತುಂಗಕ್ಕ ಮೈಕು ವಾಪಸು ಪಡೆದರು.

“ಇನ್ನೊಂದ್ ಮಾತಿತ್ತ್. ಈ ಟೈಪಿನ ಬದಿ ಮೇಲೆ ‘ಎರಡು’ ಅಂದ್ ಅಂಕೆ ಇತ್ತ್, ಎಲ್ರೂ ಕಂಡಿದ್ರಿ. ಒಂದ್ ಎಲ್ಲಿ ಅಂದ್ ಒಬ್ರೂ ಕೇಣ್ಲಿಲ್ಲೆ.”

ನಾನೂ ಕೇಳಿರಲಿಲ್ಲ. ಎರಡನೇ ಹಾಳೆ ಮಾತ್ರ ತಂದವರನ್ನು ಕಛೇರಿಯ ಮೆಟ್ಟಿಲೂ ಹತ್ತಿಸದವಳು ನಾನು.

“ಮೊದಲ್ನೆ ಹಾಳಿಯಗೆ ಆ ಕಛೇರಿ ಹೆಸ್ರ್, ಮೊಹರ್ ಎಲ್ಲ ಇತ್ತಂಬ್ರ್. ಊರಿಗೆ ಬಂದ್ ಕೂಡ್ಲೆ ಅಜ್ಜಯ್ಯ ಅದನ್ನ ಇಂಗ್ಲಿಷ್ ಬಪ್ಪವ್ರ ಹತ್ರ ಓದ್ಸುಕೆ ಕೊಟ್ರ್. ಸಭೆ ಸೇರ್ದ ದಿನ ಅವ್ರೇ ಎದ್ದ್ ನಿಂತ್, ‘ನಾನ್ ಎಂತ ಕಾಗ್ದವೂ ಕಂಡಿಲ್ಲೆ’ ಅಂದ್ರ್. ಅವ್ರ್ ಕುಂದಾಪ್ರದಗೆ ದಸ್ತಾವೇಜ್ ಬರೀತಿದ್ರ್.”

ತುಂಗಕ್ಕ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ಪ್ರೀತಿಯ ನಗುವಿತ್ತು. ಅದಕ್ಕೇ ನನಗೆ ಹೆಚ್ಚು ನೋವಾಯಿತು.

“ಅದ್ಕೇ ನಿನ್ನನ್ನೇ ಬಪ್ಪುಕೆ ಹೇಳ್ದೆ ಹೆಣ್ಣೆ. ನಿನ್ನ ಅಜ್ಜಯ್ಯನ ಮೇಜಿನ ಕೆಳ್ಗಿನ ಖಾನಿ ಯಾವತ್ತಾರೂ ತೆಗ್ದ್ ಕಂಡಿದ್ಯಾ?”

ಕಂಡಿರಲಿಲ್ಲ. ಮಳೆಗೆ ಉಬ್ಬಿದ್ದು ಎಂದು ಅಪ್ಪಯ್ಯ ಹೇಳಿದ್ದನ್ನೇ ನಾನೂ ಹೇಳುತ್ತಾ ಬಂದೆ. ಆದರೆ ಆ ಖಾನೆಯ ಅಂಚಿನಲ್ಲಿ ನಾಲ್ಕು ಮೊಳೆಗಳ ತಲೆ ಇದ್ದದ್ದು ಚಿಕ್ಕಂದಿನಿಂದ ನನಗೆ ಗೊತ್ತಿತ್ತು. ಮಳೆ ಮೊಳೆ ಹೊಡೆಯುವುದಿಲ್ಲ.

ತಲೆ ಎತ್ತಿ ಸಭೆಯಲ್ಲಿ ಪ್ರಖ್ಯಾತನನ್ನು ಹುಡುಕಿದೆ. ಅವನ ಕುರ್ಚಿ ಖಾಲಿಯಿತ್ತು.

ಸೆರಗಿನಲ್ಲಿ ಫೋನು ಗುಂಯ್‌ಗುಟ್ಟಿತು. ನನ್ನ ಪಕ್ಕದ ಜೆರಾಕ್ಸ್ ಅಂಗಡಿಯ ಕಮಲ.

“ರಂಜನಕ್ಕ, ನಿಮ್ಮ ಹಳಿ ಮೇಜ್ ತಕಂಡ್ ಹೋದ್ರ್ ಕಾಣಿ. ಟೆಂಪೋ ಬೈಂದೂರ್ ಬದಿಗೆ ಹೋಯ್ತ್. ಅಲ್ಲ, ಆ ಪ್ರಖ್ಯಾತ್ ಹೊಸ ಮೇಜ್ ತರುಕೆ ಮರ್ತ್‌ಹೋದ್ನಾ ಎಂತ? ಕೇಂಡ್ರೆ, ‘ಆ ಖಾನಿ ಒಡ್ದ್ ಮೇಲೆ ಅವ್ರ ಹತ್ರ ಬರ್ಸುಕೆ ಯಾರ್ ಬತ್ರ್? ಅವ್ರಿಗೆ ಇನ್ನ್ ಮೇಜ್ ಬೇಕಾತಿಲ್ಲೆ’ ಅಂದ್ ನೆಗಾಡ್ದ.”